ಮೇ ಎರಡನೇ ವಾರ ಬ್ಯಾಂಕಾಕ್‌ಗೆ ಹೋಗ್ಬಹುದಾ? ಅತ್ತೆಯವರನ್ನೂ ಕರ್ಕೊಂಡು?

ಓದುಗರ ಪ್ರಶ್ನೆ (ದಾವಣಗೆರೆಯಿಂದ): "ಸರ್, ಮೇ 9ಕ್ಕೆ ಬೆಂಗಳೂರಿಂದ ಬ್ಯಾಂಕಾಕ್‌ಗೆ ಟಿಕೆಟ್ ಆಗಿದೆ, ವಾಪಸ್ 16ಕ್ಕೆ. ನಾವಿಬ್ರು, 9 ವರ್ಷದ ಮಗಳು, ಜೊತೆಗೆ 66 ವರ್ಷದ ನಮ್ಮತ್ತೆ. ಅತ್ತೆಗೆ ಬಿಪಿ, ಶುಗರ್ ಎರಡೂ ಇದೆ, ಮಾತ್ರೆ ತಗೋತಾರೆ. 4 ರಾತ್ರಿ ಬ್ಯಾಂಕಾಕ್, 3 ರಾತ್ರಿ ಫುಕೆಟ್. ಮಗಳ ಸ್ಕೂಲ್ ರಜ, ನಮ್ಮೆಜಮಾನ್ರ ರಜ ಎರಡೂ ಹೊಂದೋದು ಇದೊಂದೇ ವಾರ. ಈಗ ಮೈದುನ ಫೋನ್ ಮಾಡಿ, ಮಳೆಗಾಲದಲ್ಲಿ ಯಾರಾದ್ರೂ ಅಲ್ಲಿಗೆ ಹೋಗ್ತಾರಾ, ಊರೇ ಮುಳುಗಿರತ್ತೆ ಅಂತ ಪ್ರವಾಹದ ವಿಡಿಯೋ ಕಳಿಸಿದಾನೆ. ಏಜೆಂಟ್ ಕೇಳಿದ್ರೆ ಮೇನಲ್ಲಿ ಮಳೆನೇ ಇರಲ್ಲ ಮೇಡಂ ಅಂತಾರೆ. ಮೊಬೈಲಲ್ಲಿ ಹವಾಮಾನದ ಆ್ಯಪ್ ನೋಡಿದ್ರೆ ಹತ್ತೂ ದಿನ ಗುಡುಗು ಮಿಂಚಿನ ಚಿತ್ರ. ಯಾರನ್ನ ನಂಬ್ಲಿ? ಕ್ಯಾನ್ಸಲ್ ಮಾಡಿದ್ರೆ ಟಿಕೆಟ್ ದುಡ್ಡು ಹೋಯ್ತು. ಅತ್ತೆಯವರು ಇದೇ ಮೊದಲನೇ ಸಲ ಪಾಸ್‌ಪೋರ್ಟ್ ಮಾಡಿಸಿರೋದು, ನನ್ನ ಬಿಟ್ಟು ನೀವು ಹೋಗಿಬನ್ನಿ ಅಂತ ಅವರೇ ಹೇಳ್ತಿದಾರೆ, ನಂಗೆ ಮನಸ್ಸು ಬರ್ತಿಲ್ಲ."

ಉತ್ತರ: ನಮಸ್ತೆ ಮೇಡಂ. ಮೊದಲೇ ಹೇಳ್ಬಿಡ್ತೀನಿ, ಕ್ಯಾನ್ಸಲ್ ಮಾಡೋ ಅಗತ್ಯ ಇಲ್ಲ, ಅತ್ತೆಯವರನ್ನ ಬಿಟ್ಟು ಹೋಗೋ ಅಗತ್ಯಾನೂ ನನಗೆ ಕಾಣ್ತಿಲ್ಲ. ಆದ್ರೆ ನಿಮ್ಮ ಪ್ಲಾನಲ್ಲಿ ಒಂದು ಭಾಗ ಬದಲಾಗ್ಬೇಕು, ಅದು ಬ್ಯಾಂಕಾಕ್ ಅಲ್ಲ, ಫುಕೆಟ್. ಇನ್ನು ನೀವು ಹೆದರ್ತಿರೋದು ಮಳೆಗೆ, ನಾನು ನಿಮ್ಮತ್ತೆಯವರ ವಿಷಯದಲ್ಲಿ ಯೋಚನೆ ಮಾಡ್ತಿರೋದು ಬೆಳಿಗ್ಗೆ 11ರಿಂದ ಸಂಜೆ 4ರವರೆಗಿನ ಬಿಸಿಲಿನ ಬಗ್ಗೆ. 14 ವರ್ಷದಿಂದ ನಮ್ಮ ಕಡೆಯವರ ಗುಂಪುಗಳನ್ನ ಥಾಯ್ಲೆಂಡ್, ಕಾಂಬೋಡಿಯಾ ಕಡೆ ಕರ್ಕೊಂಡು ಹೋಗ್ತಿದೀನಿ, ಅದರಲ್ಲಿ ಹೆಚ್ಚಿನವು ಏಪ್ರಿಲ್ ಮೇ ರಜದ ಗುಂಪುಗಳೇ, ಮಳೆಯಿಂದ ಟ್ರಿಪ್ ಹಾಳಾಗಿದ್ದು ಕಡಿಮೆ, ಬಿಸಿಲಿಂದ ಜನ ಮಲಗಿದ್ದು ಜಾಸ್ತಿ.

ಮೈದುನ ಕಳಿಸಿದ ವಿಡಿಯೋದಿಂದ ಶುರು ಮಾಡೋಣ. ವಿಮಾನ ನಿಲ್ದಾಣದ ರನ್‌ವೇ ಮೇಲೆ ನೀರು, ಮುಳುಗಿದ ವಿಮಾನ, ಎದೆಮಟ್ಟದ ನೀರಲ್ಲಿ ದೋಣಿ ಇರೋದಾದ್ರೆ ಅದು ಬಹುಶಃ 2011ರದ್ದು. ಆ ವರ್ಷ ಮಳೆಗಾಲ ಪೂರ್ತಿ ಉತ್ತರದ ಕಡೆ ಬಿದ್ದ ನೀರು ನಿಧಾನಕ್ಕೆ ಕೆಳಗಿಳಿದು ಅಕ್ಟೋಬರ್, ನವೆಂಬರ್ ಹೊತ್ತಿಗೆ ಬ್ಯಾಂಕಾಕ್ ಅಂಚಿಗೆ ಬಂತು, ಹಳೇ ಡಾನ್ ಮುಆಂಗ್ ವಿಮಾನ ನಿಲ್ದಾಣ ಮುಚ್ಚಿದ್ದೂ ಆಗಲೇ. ಅಂದ್ರೆ ಅದು ಮಳೆಗಾಲದ ಕೊನೆಯ ಪ್ರವಾಹ. ನದಿ ತುಂಬಿ ಊರೊಳಗೆ ಬರೋಕೆ ತಿಂಗಳುಗಟ್ಟಲೆ ಮಳೆ ಬೇಕು, ಮೇ ತಿಂಗಳಲ್ಲಿ ಚಾವೊ ಫ್ರಾಯಾ ನದಿ ಇನ್ನೂ ಬೇಸಿಗೆ ಮಟ್ಟದಲ್ಲೇ ಇರತ್ತೆ. ಮೇನಲ್ಲಿ ಆಗೋದು ಬೇರೆ: ಸಂಜೆ ಒಂದು ಗಂಟೆ ಜೋರಾಗಿ ಹೊಡೆದು ಚರಂಡಿ ತಡ್ಕೊಳ್ದೆ ರಸ್ತೆಯಲ್ಲಿ ನೀರು ನಿಲ್ಲೋದು, ಒಂದೆರಡು ಗಂಟೇಲಿ ಇಳಿಯೋದು. ಬೆಂಗಳೂರಿನ ಅಂಡರ್‌ಪಾಸ್ ನೋಡಿದವರಿಗೆ ಇದನ್ನ ವಿವರಿಸೋದು ಬೇಡ.

ಏಜೆಂಟ್ ಹೇಳಿದ್ದೂ ಸರಿಯಲ್ಲ. ಥಾಯ್ಲೆಂಡ್ ಹವಾಮಾನ ಇಲಾಖೆ ಪ್ರತಿ ವರ್ಷ ಮಳೆಗಾಲ ಶುರುವಾಯ್ತು ಅಂತ ಅಧಿಕೃತವಾಗಿ ಘೋಷಣೆ ಮಾಡತ್ತೆ, ಸಾಮಾನ್ಯವಾಗಿ ಮೇ ಮಧ್ಯದ ಹೊತ್ತಿಗೆ. ನಿಮ್ಮ 9ರಿಂದ 16 ಅನ್ನೋದು ಸರಿಯಾಗಿ ಆ ಹೊಸ್ತಿಲ ಮೇಲೆ ಕೂತಿದೆ. ಬ್ಯಾಂಕಾಕ್‌ನಲ್ಲಿ ಏಪ್ರಿಲ್‌ಗಿಂತ ಮೇ ಮಳೆ ಎರಡು ಪಟ್ಟಿಗೂ ಜಾಸ್ತಿ, ಅತಿ ಹೆಚ್ಚು ಬೀಳೋದು ಸೆಪ್ಟೆಂಬರಲ್ಲಿ. ಹಾಗಾಗಿ ಮಳೆ ಬರತ್ತೆ, ನಿಮ್ಮ ಏಳು ದಿನದಲ್ಲಿ ಮೂರ್ನಾಲ್ಕು ಸಂಜೆ ಬಂದ್ರೂ ನಂಗೆ ಆಶ್ಚರ್ಯ ಇಲ್ಲ.

ಯಾಕೆ ಸಂಜೆನೇ ಅಂದ್ರೆ, ಇದು ನಮಗೆ ಗೊತ್ತಿರೋ ಮಳೆನೇ. ಬ್ಯಾಂಕಾಕ್ ಇರೋದು ಹೆಚ್ಚುಕಡಿಮೆ ಬೆಂಗಳೂರಿನ ಅಕ್ಷಾಂಶದಲ್ಲೇ, ಒಂದು ಡಿಗ್ರಿಗಿಂತ ಕಡಿಮೆ ವ್ಯತ್ಯಾಸ. ಬೆಂಗಳೂರಲ್ಲಿ ಏಪ್ರಿಲ್ 24ರ ಆಸುಪಾಸು ಶೂನ್ಯ ನೆರಳಿನ ದಿನ ಅಂತ ಮಕ್ಕಳಿಗೆ ತೋರಿಸ್ತಾರಲ್ಲ, ಅಲ್ಲಿ ಅದಾಗಿ ಎರಡು ಮೂರು ದಿನಕ್ಕೆ ಸೂರ್ಯ ನೆತ್ತಿ ಮೇಲೆ ಬರ್ತಾನೆ. ಇಡೀ ದಿನ ನೆಲ ಕಾದು, ಸಮುದ್ರದ ಕಡೆಯಿಂದ ಬಂದ ಹಸಿ ಗಾಳಿ ಮೇಲೇರಿ, ಮಧ್ಯಾಹ್ನದ ಮೇಲೆ ಮೋಡ ಕಟ್ಟಿ ಹೊಡೆಯತ್ತೆ. ನಮ್ಮಲ್ಲಿ ಭರಣಿ, ಕೃತ್ತಿಕಾ ಮಳೆ ಅಂತೀವಲ್ಲ, ಭರಣಿ ಮುಗಿದು ಕೃತ್ತಿಕಾ ಹುಟ್ಟೋದು ಮೇ 11ರ ಹೊತ್ತಿಗೆ, ನಿಮ್ಮ ಪ್ರವಾಸದ ಮಧ್ಯದಲ್ಲೇ. ದಾವಣಗೆರೇಲಿ ಆ ಮಳೆ ಹೇಗೆ ಬರತ್ತೆ ನೆನಪು ಮಾಡ್ಕೊಳ್ಳಿ: ಮೊದಲು ಧಗೆ, ಆಮೇಲೆ ಧೂಳು ಗಾಳಿ, ದಪ್ಪ ಹನಿ, ಸಿಡಿಲು, ಮುಕ್ಕಾಲು ಗಂಟೇಲಿ ಮುಗೀತು. ಅದೇ.

ಆ್ಯಪ್ ವಿಷಯ ಹೇಳ್ತೀನಿ, ಇದ್ರಿಂದ ಎಷ್ಟೋ ಜನ ಸುಮ್ನೆ ನಿದ್ದೆ ಕೆಡಿಸ್ಕೋತಾರೆ. ಆ ಗುಡುಗು ಮಿಂಚಿನ ಚಿತ್ರದ ಅರ್ಥ ಇಡೀ ದಿನ ಮಳೆ ಅಂತ ಅಲ್ಲ, 24 ಗಂಟೇಲಿ ಯಾವಾಗ್ಲೋ ಒಂದ್ಸಲ ಗುಡುಗು ಮಳೆ ಬರೋ ಸಾಧ್ಯತೆ ಇದೆ ಅಂತ ಅಷ್ಟೇ. ಈ ಕಾಲದಲ್ಲಿ ಅಲ್ಲಿ ದಿನಾ ಆ ಸಾಧ್ಯತೆ ಇರತ್ತೆ, ಅದಕ್ಕೆ ದಿನಾ ಅದೇ ಚಿತ್ರ. ಹತ್ತು ದಿನದ ಪಟ್ಟಿ ನೋಡೋದು ಬಿಟ್ಬಿಡಿ. ಅಲ್ಲಿಗೆ ಹೋದ್ಮೇಲೆ ಮಧ್ಯಾಹ್ನ ಎರಡು ಗಂಟೆಗೆ ಗಂಟೆವಾರು ಮುನ್ಸೂಚನೆ ಒಂದ್ಸಲ, ಮಳೆ ರಾಡಾರ್ ಚಿತ್ರ ಒಂದ್ಸಲ ನೋಡಿ, ಮೋಡ ಯಾವ ಕಡೆಯಿಂದ ಬರ್ತಿದೆ ಅಂತ ಕಣ್ಣಿಗೇ ಕಾಣತ್ತೆ, ಸಂಜೆ ದೋಣಿ ಹತ್ತೋದಾ ಮಾಲ್‌ಗೆ ಹೋಗೋದಾ ಅಂತ ಆವಾಗ ತೀರ್ಮಾನ ಮಾಡಿ.

ಈಗ ನಾನು ನಿಜವಾಗ್ಲೂ ಹೇಳ್ಬೇಕು ಅಂತಿರೋದು, ಬಿಸಿಲು. ನೀವು ದಾವಣಗೆರೆಯವರು, 38 ಡಿಗ್ರಿ ನಿಮಗೆ ಹೊಸದಲ್ಲ, ಬ್ಯಾಂಕಾಕ್‌ನಲ್ಲಿ 35, 36 ಅಂದಾಗ ಇದೇನ್ ಮಹಾ ಅನ್ನಿಸತ್ತೆ. ಅಲ್ಲೇ ಎಡವೋದು. ನಿಮ್ಮನೇಲಿ ಬೇಸಿಗೆಗೆ ಮಣ್ಣಿನ ಮಡಕೇಲಿ ನೀರಿಟ್ರೆ ತಣ್ಣಗಾಗತ್ತೆ, ಅದೇ ಮಡಕೆ ಮಂಗಳೂರಿಗೆ ತಗೊಂಡೋಗಿ ಇಟ್ರೆ ಅಷ್ಟು ತಣ್ಣಗಾಗಲ್ಲ, ಗಾಳೀಲಿ ಆಗ್ಲೇ ತೇವ ತುಂಬಿರೋದ್ರಿಂದ ನೀರು ಆವಿಯಾಗಲ್ಲ. ಮೈ ಬೆವರೂ ಹಾಗೇನೇ. ಬ್ಯಾಂಕಾಕ್ ಸಮುದ್ರ ಮಟ್ಟಕ್ಕಿಂತ ಒಂದೆರಡು ಮೀಟರ್ ಅಷ್ಟೇ ಮೇಲಿರೋ ಊರು, ಬೆವರು ಇಳಿಯತ್ತೆ, ಆರಲ್ಲ, ಮೈ ತಂಪಾಗಲ್ಲ. ಏಪ್ರಿಲ್ 2024ರಲ್ಲಿ ಅಲ್ಲಿನ ನಗರಾಡಳಿತ, ತೇವಾಂಶ ಸೇರಿಸಿದ್ರೆ ಮೈಗೆ ತಟ್ಟೋ ಶಾಖ 52 ಡಿಗ್ರಿ ದಾಟಬಹುದು ಅಂತ ಎಚ್ಚರಿಕೆ ಕೊಟ್ಟಿತ್ತು. ರಾತ್ರೀನೂ ಸಾಮಾನ್ಯವಾಗಿ 26, 27ರ ಆಸುಪಾಸಲ್ಲೇ ಇರತ್ತೆ.

ಒಂದು ಘಟನೆ ಹೇಳ್ಬೇಕು, ತಪ್ಪು ನಂದೇ. ಕೆಲವು ವರ್ಷದ ಹಿಂದೆ ಮೇ ಮೊದಲ ವಾರ ಒಂದು ಗುಂಪು ಇತ್ತು, ಅದ್ರಲ್ಲಿ 70 ದಾಟಿದ ಒಬ್ರು ನಿವೃತ್ತ ಮೇಷ್ಟ್ರು. ಹೋಟೆಲಲ್ಲಿ ತಿಂಡಿ ತಡ ಆಯ್ತು, ಬ್ಯಾಂಕಾಕ್‌ನ ಹಳೇ ಅರಮನೆ ಗ್ರ್ಯಾಂಡ್ ಪ್ಯಾಲೇಸ್ ಒಳಗೆ ಹೋಗುವಾಗ 11 ಆಗಿತ್ತು, ಬಂದಿದೀವಲ್ಲ ಅಂತ ನಾನೂ ಮುಂದುವರಿಸ್ದೆ. ಹನ್ನೆರಡೂವರೆಗೆ ಪಕ್ಕದ ವಾಟ್ ಫೋ ದೇವಸ್ಥಾನದ ಗೇಟ್ ಹತ್ರ ಮೇಷ್ಟ್ರು ಮಾತು ನಿಲ್ಲಿಸಿದ್ರು. ಅಷ್ಟೊತ್ತು ಬಾಯ್ತುಂಬ ಮಾತಾಡ್ತಿದ್ದವರು ಸುಮ್ನಾದ್ರು, ಅದನ್ನ ನಾನು ದಣಿವು ಅನ್ಕೊಂಡೆ. ಎರಡು ನಿಮಿಷಕ್ಕೆ ಗೋಡೆ ಹಿಡ್ಕೊಂಡು ಕೂತುಬಿಟ್ರು, ಮುಖ ಬೂದಿ ಬಣ್ಣ. ಪಕ್ಕದಲ್ಲಿ ಎಳನೀರು ಮಾರ್ತಿದ್ದ ಹೆಂಗಸು ನಾನು ಏನೂ ಕೇಳೋ ಮುಂಚೆ ಐಸ್ ಪೆಟ್ಟಿಗೇಲಿದ್ದ ನೀರಲ್ಲಿ ಬಟ್ಟೆ ಅದ್ದಿ ಕತ್ತಿನ ಹಿಂದೆ ಇಟ್ರು, ತಮ್ಮ ಸೊಂಟದ ಚೀಲದಿಂದ ಮೂಗಿಗೆ ಹಿಡಿಯೋ ಪುಟ್ಟ ಮೆಂಥಾಲ್ ಕೊಳವೆ ತೆಗೆದು ಮೂಸಿಸಿದ್ರು, ಅಲ್ಲಿ ಅದನ್ನ ಯಾದೊಮ್ ಅಂತಾರೆ, ಬಹಳ ಜನರ ಜೇಬಲ್ಲಿ ಇರತ್ತೆ. ನೆರಳಿಗೆ ಕರ್ಕೊಂಡೋಗಿ, ಒಆರ್‌ಎಸ್ ಕುಡಿಸಿ, ಸಂಜೆ ಹೊತ್ತಿಗೆ ಸರಿಹೋದ್ರು. ಆಮೇಲೆ ಗೊತ್ತಾಗಿದ್ದು, ಅವರ ಬಿಪಿ ಮಾತ್ರೆ ಮೂತ್ರ ಹೆಚ್ಚು ಹೋಗೋ ಥರದ್ದು, ಅದರ ಜೊತೆಗೆ ಬಾತ್‌ರೂಮ್ ಹುಡುಕೋದು ಕಷ್ಟ ಅಂತ ಬೆಳಿಗ್ಗೆಯಿಂದ ನೀರು ಕುಡಿಯೋದನ್ನೇ ಬಿಟ್ಟಿದ್ರು.

ಅದಕ್ಕೇ ನಿಮಗೆ ಮೊದಲನೇ ಕೆಲಸ ಇದು. ನಾನು ಡಾಕ್ಟ್ರಲ್ಲ, ಮಾತ್ರೆ ಬಗ್ಗೆ ಹೇಳೋಕೆ ನನಗೆ ಹಕ್ಕಿಲ್ಲ, ಆದ್ರೆ ಅತ್ತೆಯವರ ಡಾಕ್ಟ್ರ ಹತ್ರ ಮೂರು ಪ್ರಶ್ನೆ ಕೇಳಿಸಿ: ಈ ಬಿಪಿ ಮಾತ್ರೆಯಿಂದ ಮೈ ನೀರು ಕಡಿಮೆ ಆಗತ್ತಾ, ಬೆವರು ಜಾಸ್ತಿ ಹೋದ ದಿನ ಏನು ಮಾಡ್ಬೇಕು, ಒಆರ್‌ಎಸ್ ಎಷ್ಟು ಕುಡೀಬಹುದು (ಅದ್ರಲ್ಲಿ ಉಪ್ಪು ಸಕ್ಕರೆ ಎರಡೂ ಇರೋದ್ರಿಂದ ಅವರಿಗೆ ಲೆಕ್ಕ ಬೇಕು). ತಾವಾಗಿ ಮಾತ್ರೆ ನಿಲ್ಲಿಸೋದು ಕಡಿಮೆ ಮಾಡೋದು ಮಾತ್ರ ಬೇಡ. ಚೀಟಿ ಸಮೇತ ಮಾತ್ರೆಗಳನ್ನ ಕೈಚೀಲದಲ್ಲೇ ಇಟ್ಕೊಳ್ಳಿ. ಮನೇಲಿರೋ ಕೆಮ್ಮಿನ ಸಿರಪ್, ನೋವಿನ ಮಾತ್ರೆ ಅಂತ ಎಲ್ಲಾ ತುಂಬ್ಕೋಬೇಡಿ, ಕೊಡೀನ್, ಟ್ರಮಡಾಲ್ ಇರೋ ಔಷಧಿಗಳಿಗೆ ಆ ದೇಶದಲ್ಲಿ ನಿರ್ಬಂಧ ಇದೆ.

ದಿನದ ಪ್ಲಾನ್ ಹೀಗೆ ಮಾಡಿ. ಆ ವಾರ ಅಲ್ಲಿ ಆರು ಗಂಟೆ ಮುಂಚೆನೇ ಬೆಳಕು ಹರಿಯತ್ತೆ, ಸೂರ್ಯ ಮುಳುಗೋದು ಆರೂವರೆ ದಾಟಿ. ನಮಗಿಂತ ಗಡಿಯಾರ ಒಂದೂವರೆ ಗಂಟೆ ಮುಂದಿರೋದ್ರಿಂದ ಮೊದಲೆರಡು ದಿನ ಏಳೋದು ಕಷ್ಟ, ಆದ್ರೂ ಏಳಿ. ಗ್ರ್ಯಾಂಡ್ ಪ್ಯಾಲೇಸ್ ಎಂಟೂವರೆಗೆ ತೆಗೀತಾರೆ, ನೀವು ಎಂಟೂಕಾಲಿಗೆ ಗೇಟಲ್ಲಿರಿ, ಹತ್ತೂವರೆಗೆ ಆಚೆ ಬನ್ನಿ. ಭುಜ, ಮೊಣಕಾಲು ಮುಚ್ಚೋ ಬಟ್ಟೆ ಕಡ್ಡಾಯ, ಅತ್ತೆಯವರ ಸೀರೆ ನಡೆಯತ್ತೆ, ಕಾಟನ್ ಇರ್ಲಿ. ದೇವಸ್ಥಾನದಲ್ಲಿ ಚಪ್ಪಲಿ ಬಿಡ್ಬೇಕಲ್ಲ, ಹತ್ತು ಗಂಟೆ ಮೇಲೆ ಅಂಗಳದ ಕಲ್ಲು ಕಾದಿರತ್ತೆ, ಶುಗರ್ ಇರೋರ ಕಾಲಿಗೆ ಸುಟ್ಟಿದ್ದು ಗೊತ್ತೇ ಆಗದೆ ಇರಬಹುದು, ಅದಕ್ಕೆ ದಪ್ಪ ಕಾಟನ್ ಸಾಕ್ಸ್ ಎರಡು ಜೊತೆ ಚೀಲದಲ್ಲಿರ್ಲಿ. ಗೇಟ್ ಹತ್ರ ಯಾರಾದ್ರೂ ಚೆನ್ನಾಗಿ ಡ್ರೆಸ್ ಮಾಡಿದವರು ಬಂದು "ಇವತ್ತು ಪ್ಯಾಲೇಸ್ ಕ್ಲೋಸ್, ಬೇರೆ ದೇವಸ್ಥಾನ ತೋರಿಸ್ತೀನಿ" ಅಂದ್ರೆ ನಿಲ್ಲಬೇಡಿ, ಟುಕ್‌ಟುಕ್ ಹತ್ತಿಸಿ ಒಡವೆ ಅಂಗಡಿಗೆ ಕರ್ಕೊಂಡೋಗೋ ಹಳೇ ಆಟ ಅದು. ಮುಚ್ಚಿದಿಯಾ ಇಲ್ವಾ ಅನ್ನೋದನ್ನ ಗೇಟಿಗೇ ಹೋಗಿ ನೋಡಿ.

ಒಂದು ಪಕ್ಕದ ಮಾತು. ಪ್ಯಾಲೇಸ್ ಎದುರಿನ ಸನಾಮ್ ಲುವಾಂಗ್ ಮೈದಾನದಲ್ಲಿ ಮೇ ತಿಂಗಳಲ್ಲೇ ಒಂದು ದಿನ ರಾಜಮನೆತನದ ಉಳುಮೆ ಹಬ್ಬ ನಡೆಯತ್ತೆ, ನಮ್ಮ ಯುಗಾದಿಯ ಹೊನ್ನಾರಿನ ಥರಾನೇ. ಎತ್ತುಗಳಿಗೆ ಅಲಂಕಾರ ಮಾಡಿ ಉಳುಮೆ ಮಾಡಿಸಿ, ಆಮೇಲೆ ಭತ್ತ, ಮೆಕ್ಕೆಜೋಳ, ಎಳ್ಳು, ಹುಲ್ಲು, ನೀರು ಹೀಗೆ ಏಳು ಥರದ್ದು ಮುಂದಿಡ್ತಾರೆ, ಎತ್ತು ಯಾವುದಕ್ಕೆ ಬಾಯಿ ಹಾಕತ್ತೋ ಅದರ ಮೇಲೆ ಆ ವರ್ಷದ ಮಳೆ ಬೆಳೆ ಹೇಳ್ತಾರೆ. ದಿನಾಂಕ ಪ್ರತಿ ವರ್ಷ ಬದಲಾಗತ್ತೆ. ನಿಮ್ಮ ವಾರದಲ್ಲೇ ಬಿದ್ರೆ ಆ ದಿನ ಆ ಕಡೆ ರಸ್ತೆ ಬಂದ್ ಇರತ್ತೆ, ಪ್ಯಾಲೇಸ್‌ಗೆ ಬೇರೆ ದಿನ ಇಟ್ಕೊಳ್ಳಿ, ಆದ್ರೆ ಹೊಲ ಮನೆ ಕಂಡ ಹಿರಿಯರು ಜೊತೇಲಿದ್ರೆ ಟಿವೀಲಾದ್ರೂ ತೋರಿಸಿ, ಭಾಷೆ ಬರದಿದ್ರೂ ಅವರಿಗೆ ಎಲ್ಲಾ ಅರ್ಥ ಆಗತ್ತೆ.

11ರಿಂದ 4ರವರೆಗೆ ಏಸಿ ಒಳಗೆ, ಊಟ, ಒಂದು ನಿದ್ದೆ, ಬೇಕಾದ್ರೆ ಸಿಯಾಮ್ ಕಡೆಯ ಮಾಲ್‌ಗಳು, ಮಗಳಿಗೆ ಅಲ್ಲೇ ಅಕ್ವೇರಿಯಂ ಇದೆ. ಅತ್ತೆಯವರಿಗೆ ಒಂದು ಶಾಲು ಇಟ್ಕೊಳ್ಳಿ, ಬೆವೆತ ಮೈಯಲ್ಲಿ ಆ ಏಸಿಗೆ ಹೋದ್ರೆ ನಡುಗ್ತಾರೆ. ನಾಲ್ಕೂವರೆ ಮೇಲೆ ಆಕಾಶ ನೋಡಿ ಹೊರಡಿ. ಆಯುತ್ಥಯ ನೋಡೋ ಆಸೆ ಇದ್ರೆ, ಬ್ಯಾಂಕಾಕ್‌ನಿಂದ ಸುಮಾರು 80 ಕಿಮೀ, 1767ರಲ್ಲಿ ಬರ್ಮಾದವರು ಹಾಳುಗೆಡವಿದ ರಾಜಧಾನಿ, ನಮ್ಮ ಹಂಪಿ ನೋಡಿದ ಹಾಗೇ ಆಗತ್ತೆ, ಹಂಪಿಯ ಹಾಗೇ ನೆರಳೂ ಇಲ್ಲ. ಅತ್ತೆಯವರ ಜೊತೆ ಮೇನಲ್ಲಿ ನಾನಂತೂ ಕರ್ಕೊಂಡು ಹೋಗಲ್ಲ, ನೀವಿಬ್ರೇ ಬೆಳಿಗ್ಗೆ ಆರಕ್ಕೆ ಹೊರಟು ಹನ್ನೊಂದಕ್ಕೆ ಮುಗಿಸೋದಾದ್ರೆ ಸರಿ.

ಮಳೆ ಬಂದಾಗ ಏನ್ ಮಾಡೋದು ಅಂದ್ರೆ, ನಿಲ್ಲೋದು. ಅಲ್ಲಿನ ಜನಾನೇ ನೋಡಿ ಕಲೀರಿ. ಗಾಳಿ ತಣ್ಣಗೆ ತಿರುಗಿದ ಕೂಡ್ಲೆ ತಳ್ಳುಗಾಡಿಯವರು ಛತ್ರಿ ಕಟ್ಟಿದ ಹಗ್ಗ ಬಿಗೀತಾರೆ, ಕಿತ್ತಳೆ ಜಾಕೆಟ್ಟಿನ ಬೈಕ್ ಟ್ಯಾಕ್ಸಿ ಹುಡುಗರು ಸೀಟಿಗೆ ಪ್ಲಾಸ್ಟಿಕ್ ಕವರ್ ಹಾಕಿ ಮೆಟ್ರೋ ಮೆಟ್ಟಿಲ ಕೆಳಗೆ ಸೇರ್ಕೋತಾರೆ, ಯಾರೂ ಓಡಲ್ಲ, ನಲವತ್ತು ನಿಮಿಷ ಮೊಬೈಲ್ ನೋಡ್ತಾ ನಿಂತಿದ್ದು ಹೊರಡ್ತಾರೆ. ಆ ಹೊತ್ತಲ್ಲಿ ಕ್ಯಾಬ್ ಬುಕ್ ಮಾಡ್ಬೇಡಿ, ರೇಟು ಏರಿರತ್ತೆ, ಬರೋದೂ ಇಲ್ಲ, ಬಂದ್ರೆ ಟ್ರಾಫಿಕಲ್ಲಿ ಕೂರ್ಬೇಕು. ಅದಕ್ಕೇ ಹೋಟೆಲ್ ಬಿಟಿಎಸ್ ಅಥವಾ ಎಂಆರ್‌ಟಿ (ಎರಡೂ ಅಲ್ಲಿನ ಮೆಟ್ರೋ ರೈಲುಗಳೇ) ಸ್ಟೇಷನ್‌ನಿಂದ ಐದು ನಿಮಿಷ ನಡಿಗೇಲಿರೋದನ್ನೇ ನೋಡಿ, ಈ ಕಾಲಕ್ಕೆ ಸ್ವಿಮ್ಮಿಂಗ್ ಪೂಲ್‌ಗಿಂತ ಅದು ಮುಖ್ಯ. ಸುಖುಮ್ವಿತ್ ಕಡೆ ಉದ್ದುದ್ದ ಗಲ್ಲಿಗಳ ಕೊನೇಲಿ ಅಗ್ಗದ ರೂಮ್ ಸಿಗತ್ತೆ, ಮಳೆ ಬಂದ ರಾತ್ರಿ ಆ ಗಲ್ಲೀಲೇ ನೀರು ನಿಲ್ಲೋದು. ನಿಂತ ನೀರಲ್ಲಿ ಇಳೀಬೇಡಿ, ಅತ್ತೆಯವರಂತೂ ಖಂಡಿತ ಬೇಡ: ಕೆಳಗೆ ತೆರೆದ ಚರಂಡಿ ಇದೆಯೋ ಕರೆಂಟಿನ ತಂತಿ ಇದೆಯೋ ಗೊತ್ತಾಗಲ್ಲ, ಶುಗರ್ ಇರೋರ ಕಾಲಿಗೆ ಚಿಕ್ಕ ಗಾಯ ಇದ್ರೂ ಸೋಂಕು, ಇಲಿಜ್ವರ ಎಲ್ಲಾ ಅಲ್ಲಿಂದಾನೇ. ರೇನ್‌ಕೋಟ್ ಹಾಕಿದ್ರೆ ಒಳಗೇ ಬೆಂದುಹೋಗ್ತೀರ, ಮಡಚೋ ಛತ್ರಿ ಸಾಕು, ಬಿಸಿಲಿಗೂ ಅದೇ.

ಸೊಳ್ಳೆ ವಿಷಯ. ಮಲೇರಿಯಾ ಮಾತ್ರೆ ತಗೊಂಡೇ ಹೋಗ್ಬೇಕು ಅಂತ ಯಾರಾದ್ರೂ ಹೇಳಿರ್ತಾರೆ, ಬ್ಯಾಂಕಾಕ್ ನಗರಕ್ಕೆ ಅದು ಬೇಡ, ಮಲೇರಿಯಾ ಇರೋದು ಗಡಿ ಕಾಡಿನ ಕಡೆ. ಡೆಂಗಿ ಮಾತ್ರ ನಿಜವಾದ ಅಪಾಯ, ಮಳೆ ಶುರುವಾದ್ಮೇಲೆ ಏರತ್ತೆ, ಆ ಸೊಳ್ಳೆ ಕಚ್ಚೋದು ಹಗಲಲ್ಲಿ. ಮಗಳಿಗೆ ಬೆಳಿಗ್ಗೇನೂ ಸಂಜೇನೂ ಸೊಳ್ಳೆ ಕ್ರೀಮ್ ಹಚ್ಚಿ, ಉದ್ದ ತೋಳು ಹಾಕಿ. ವಾಪಸ್ ಬಂದು ಎರಡು ವಾರದೊಳಗೆ ಯಾರಿಗಾದ್ರೂ ಜ್ವರ ಬಂದ್ರೆ ಥಾಯ್ಲೆಂಡ್‌ಗೆ ಹೋಗಿದ್ವಿ ಅಂತ ಡಾಕ್ಟ್ರಿಗೆ ಮೊದಲೇ ಹೇಳಿ, ಅಲ್ಲಿವರೆಗೆ ಪ್ಯಾರಾಸಿಟಮಾಲ್ ಬಿಟ್ಟು ಐಬುಪ್ರೊಫೆನ್, ಆಸ್ಪಿರಿನ್ ಥರದ್ದು ತಾವಾಗಿ ಕೊಡ್ಬೇಡಿ. ಅತ್ತೆಯವರು ಡಾಕ್ಟ್ರು ಹೇಳಿ ದಿನಾ ಆಸ್ಪಿರಿನ್ ತಗೋತಿದ್ರೆ ಅದನ್ನೂ ಡಾಕ್ಟ್ರ ಗಮನಕ್ಕೆ ತನ್ನಿ.

ಈಗ ಫುಕೆಟ್. ನಮ್ಮ ಮುಂಗಾರಿಗೆ ಪಶ್ಚಿಮ ಘಟ್ಟ ಹೇಗೋ ಅಲ್ಲಿ ಬರ್ಮಾ ಗಡಿಗುಂಟ ಒಂದು ಬೆಟ್ಟಸಾಲು ಇದೆ. ಅದೇ ನೈಋತ್ಯ ಮಾರುತ, ಕೇರಳಕ್ಕೆ ಜೂನ್ 1ರ ಹೊತ್ತಿಗೆ ಬರೋದು ಅಲ್ಲಿಗೆ ಎರಡು ವಾರ ಮುಂಚೆ ಮುಟ್ಟತ್ತೆ. ಬ್ಯಾಂಕಾಕ್ ಆ ಬೆಟ್ಟದ ಮರೆಯಲ್ಲಿದೆ, ನಮ್ಮ ದಾವಣಗೆರೆ ಬೆಂಗಳೂರಿನ ಹಾಗೆ. ಪಶ್ಚಿಮ ಕರಾವಳಿಯ ಫುಕೆಟ್, ಕ್ರಾಬಿ ಗಾಳಿಗೆ ಎದೆಯೊಡ್ಡಿರೋ ಕಡೆ, ಮಂಗಳೂರು ಮಲ್ಪೆ ಇದ್ದ ಹಾಗೆ. ಮುಂಗಾರು ಶುರುವಾದ್ಮೇಲೆ ಮಲ್ಪೇಲಿ ದೋಣಿ ಇಳಿಸ್ತಾರಾ? ಅಲ್ಲೂ ಮೇಯಿಂದ ಸಮುದ್ರ ಒರಟಾಗತ್ತೆ, ಬೀಚಲ್ಲಿ ಕೆಂಪು ಬಾವುಟ ಹಾಕ್ತಾರೆ, ಫುಕೆಟ್ ಉತ್ತರಕ್ಕಿರೋ ಸಿಮಿಲನ್ ದ್ವೀಪಗಳನ್ನ ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಮುಚ್ಚೇಬಿಡ್ತಾರೆ. ಜುಲೈ 2018ರಲ್ಲಿ ಫುಕೆಟ್ ಹತ್ರ ಬಿರುಗಾಳಿಗೆ ಪ್ರವಾಸಿಗರ ದೋಣಿ ಮಗುಚಿ 47 ಜನ ಸತ್ರು. ಹೆದರಿಸೋಕೆ ಹೇಳ್ತಿಲ್ಲ, ಮೇ ಎರಡನೇ ವಾರದಲ್ಲಿ ಸಮುದ್ರ ಶಾಂತವಾಗಿರೋ ದಿನಾನೂ ಸಿಗಬಹುದು, ಆದ್ರೆ ದುಡ್ಡು ಕಟ್ಟಿದೀವಿ ಅಂತ ಒರಟು ಅಲೆಯಲ್ಲಿ ಸ್ಪೀಡ್‌ಬೋಟ್ ಹತ್ತೋರನ್ನ ನಾನು ಪ್ರತಿ ವರ್ಷ ನೋಡ್ತೀನಿ, ಮಗು ಮತ್ತು ವಯಸ್ಸಾದೋರ ಜೊತೆ ಅದು ಬೇಡವೇ ಬೇಡ.

ನಿಮ್ಮ ಮುಂದಿರೋ ದಾರಿ ಮೂರು. ಫುಕೆಟ್‌ನೇ ಇಟ್ಕೊಂಡು ದೋಣಿ ಟ್ರಿಪ್ ಮುಂಗಡ ಕಟ್ಟದೆ ಹೋಗೋದು, ಹೋಟೆಲ್ ಪೂಲ್, ಹಳೇ ಪೇಟೆ, ಸಮುದ್ರ ದಡದಿಂದ ನೋಡಿ ಬರೋದು, ಮೂರು ದಿನಾನೂ ಜಡಿ ಹಿಡಿದ್ರೆ ಬೇಜಾರಾಗತ್ತೆ ಅನ್ನೋದೇ ಇದರ ರಿಸ್ಕ್. ಎರಡನೇದು ಕೊ ಸಮುಯಿ ದ್ವೀಪ, ಪೂರ್ವದ ಕೊಲ್ಲಿ ಕಡೆ ಇರೋದ್ರಿಂದ ಅಲ್ಲಿ ದೊಡ್ಡ ಮಳೆ ಅಕ್ಟೋಬರ್‌ನಿಂದ ಡಿಸೆಂಬರ್‌ಗೆ, ಮೇನಲ್ಲಿ ಸಮುದ್ರ ಸಾಮಾನ್ಯವಾಗಿ ಸೌಮ್ಯ, ಆದ್ರೆ ವಿಮಾನದ ಟಿಕೆಟ್ ದುಬಾರಿ. ಮೂರನೇದು ಹುವಾ ಹಿನ್, ಬ್ಯಾಂಕಾಕ್‌ನಿಂದ ಸುಮಾರು 200 ಕಿಮೀ, ಅದೂ ಬೆಟ್ಟದ ಮರೆಯಲ್ಲಿರೋ ಊರು, ಮೇನಲ್ಲಿ ಮಳೆ ಕಡಿಮೆ, ಉದ್ದ ಬೀಚು, ವ್ಯಾನಲ್ಲೋ ರೈಲಲ್ಲೋ ಹೋಗ್ಬಹುದು. ಫುಕೆಟ್‌ನಷ್ಟು ಚಂದದ ನೀಲಿ ನೀರು ಅಲ್ಲಿಲ್ಲ, ಅದನ್ನ ಮೊದಲೇ ಹೇಳ್ತೀನಿ. ಆದ್ರೂ ನಮ್ಮನೆಯವರನ್ನ ಕರ್ಕೊಂಡು ಹೋಗೋದಾದ್ರೆ ನಾನು ಆರಿಸೋದು ಹುವಾ ಹಿನ್.

ಅತ್ತೆಯವರ ಬಗ್ಗೆ ಕೊನೇದಾಗಿ. ಡಾಕ್ಟ್ರು ಸರಿ ಅಂದ್ರೆ ಕರ್ಕೊಂಡು ಹೋಗಿ. ಅವರಿಗೆ ಎಲ್ಲಾ ಜಾಗ ನೋಡ್ಲೇಬೇಕು ಅಂತ ಇರಲ್ಲ, ದಿನಕ್ಕೆ ಒಂದು ಜಾಗ, ಒಂದು ನಿದ್ದೆ ಸಾಕು. ಸಸ್ಯಾಹಾರಿಗಳಾದ್ರೆ ಹಳದಿ ಬಾವುಟದಲ್ಲಿ ಕೆಂಪಕ್ಷರದ ಗುರುತಿರೋ "ಜೇ" ಅಂಗಡಿ ನೋಡಿ, ಅಲ್ಲಿ ಮೀನಿನ ಸಾಸ್ ಇರಲ್ಲ, ಈರುಳ್ಳಿ ಬೆಳ್ಳುಳ್ಳೀನೂ ಇರಲ್ಲ. ಮೇನಲ್ಲಿ ಹೋಗೋರಿಗೆ ಸಿಗೋ ದೊಡ್ಡ ಲಾಭ ಹಣ್ಣು, ಮ್ಯಾಂಗೊಸ್ಟೀನ್, ರಂಬುಟಾನ್ ಆಗ ತಾನೇ ಬಂದಿರತ್ತೆ, ಮ್ಯಾಂಗೊಸ್ಟೀನ್ ನಮ್ಮ ಪುನರ್ಪುಳಿಯ ನೆಂಟ, ಅತ್ತೆಯವರಿಗೆ ಎರಡು ಮೂರಕ್ಕೆ ನಿಲ್ಸಿ. ಮಗಳು ಹಠ ಮಾಡಿದ್ರೆ ದುರಿಯನ್ ಅಂಗಡಿ ಮುಂದೇನೇ ತಿನ್ನಿಸಿ, ಹೋಟೆಲ್‌ಗೂ ರೈಲಿಗೂ ತರೋ ಹಾಗಿಲ್ಲ.

ಇನ್ಶೂರೆನ್ಸ್ ಮಾಡಿಸುವಾಗ ಮೊದಲಿಂದ ಇರೋ ಬಿಪಿ ಶುಗರ್‌ಗೂ ಕವರ್ ಇದೆಯಾ ಅಂತ ಬರಹದಲ್ಲಿ ಕೇಳಿ. ಅಲ್ಲಿ ಇಳಿಯೋಕೆ ಮುಂಚಿನ ಮೂರು ದಿನದೊಳಗೆ ಥಾಯ್ಲೆಂಡ್‌ನ ಡಿಜಿಟಲ್ ಆಗಮನ ಕಾರ್ಡ್ ನಾಲ್ಕೂ ಜನರಿಗೆ ತುಂಬಬೇಕು, ಅದು ಉಚಿತ, ದುಡ್ಡು ಕೇಳಿದ್ರೆ ಅದು ಸರ್ಕಾರದ ಸೈಟಲ್ಲ. ವೀಸಾ ನಿಯಮ ಆಗಾಗ ಬದಲಾಗ್ತಿರೋದ್ರಿಂದ ಹೊರಡೋ ವಾರ ಒಂದ್ಸಲ ರಾಯಭಾರ ಕಚೇರಿ ಸೈಟ್ ನೋಡ್ಕೊಳ್ಳಿ. ಮತ್ತೆ ಫುಕೆಟ್ ಹೋಟೆಲ್ ದುಡ್ಡು ಕಳ್ಕೊಳ್ದೆ ಕ್ಯಾನ್ಸಲ್ ಮಾಡೋಕೆ ಕೊನೇ ದಿನ ಯಾವತ್ತು ಅಂತ ಇವತ್ತೇ ಏಜೆಂಟಿಗೆ ಫೋನ್ ಮಾಡಿ ಕೇಳಿ, ಅದು ದಾಟೋಕೆ ಮುಂಚೆ ತೀರ್ಮಾನ ಆಗ್ಲಿ.